ಹೆಸರು ಬಿಟ್ಟು ಹಡಗು ಹಿಡಿದೆ: ಯುದ್ಧದಲ್ಲಿ ಮುಳುಗಿದ ನಮ್ಮ ಖಲಾಸಿಗಳನ್ನು ಹುಡುಕಿದ ಅನುಭವ

ಖಲಾಸಿಗಳ, ಅಂದರೆ ಹಡಗಿನ ಕೆಲಸಗಾರರ, ದಾಖಲೆ ಸಿಗುವುದಿಲ್ಲ ಎಂದು ನನಗೆ ಹೇಳದವರೇ ಇಲ್ಲ. ಇತಿಹಾಸ ಓದಿದ ಗೆಳೆಯರು ಹೇಳಿದರು. ಹಡಗು ಕಂಪನಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಇನ್ನೂ ಖಡಾಖಂಡಿತವಾಗಿ ಹೇಳಿದರು: "ಸಿಪಾಯಿ ಆದ್ರೆ ರೆಜಿಮೆಂಟ್ ಇರುತ್ತೆ, ನಂಬರ್ ಇರುತ್ತೆ. ಖಲಾಸಿಗೆ ಏನಿರುತ್ತೆ? ಸುಮ್ನೆ ದುಡ್ಡು ಹಾಳು ಮಾಡ್ಬೇಡಿ." ಈಗ ನನ್ನ ಹತ್ತಿರ ಹತ್ತಿಪ್ಪತ್ತು ಜನರ ಊರು, ವಯಸ್ಸು, ಸಂಬಳ, ಹಡಗು, ಸತ್ತ ತಾರೀಕು ಎಲ್ಲ ಇದೆ. ಅದರಲ್ಲಿ ಒಬ್ಬರು ನಮ್ಮ ಅಜ್ಜಿಯ ಅಣ್ಣ. ಹಾಗಾಗಿ ಹೇಗೆ ಮಾಡಿದೆ ಎಂದು ಬರೆದಿಡುತ್ತಿದ್ದೇನೆ.

ಮನೆತನದ ದಾಖಲೆ ಹುಡುಕುವವರಿಗೆ ಸಿಡಬ್ಲ್ಯುಜಿಸಿ (ಯುದ್ಧದಲ್ಲಿ ಸತ್ತವರ ಲೆಕ್ಕ ಇಡುವ ಕಾಮನ್‌ವೆಲ್ತ್ ಸಂಸ್ಥೆ) ಪಟ್ಟಿ, ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್ (ಬ್ರಿಟನ್ನಿನ ಸರಕಾರಿ ದಾಖಲೆ ಸಂಗ್ರಹ) ಎಲ್ಲ ಗೊತ್ತೇ ಇರುತ್ತದೆ. ಅದನ್ನು ವಿವರಿಸುತ್ತಾ ಕೂರುವುದಿಲ್ಲ. ಹಿನ್ನೆಲೆ ಇಷ್ಟು ಸಾಕು. ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ದುಡಿಯುತ್ತಿದ್ದವರಲ್ಲಿ ಸುಮಾರು ಕಾಲುಭಾಗ ಭಾರತದವರು, ಹತ್ತಿರ ಹತ್ತಿರ 50,000 ಜನ. ಚಹಾ, ಸೆಣಬು, ಬೀಡು ಕಬ್ಬಿಣ, ಸೈನ್ಯದ ಸಾಮಾನು ಎಲ್ಲವನ್ನೂ ಸಾಗಿಸಿದ ಹಡಗುಗಳ ಕೆಳಗಿನ ಬಾಯ್ಲರ್‌ಗೆ ಕಲ್ಲಿದ್ದಲು ಹಾಕಿದವರು ಇವರು. ಆರು ಸಾವಿರಕ್ಕೂ ಜಾಸ್ತಿ ಜನ ತೀರಿಕೊಂಡರು. ಬ್ರಿಟಿಷ್ ನಾವಿಕರ ಹೆಸರು ಲಂಡನ್ನಿನ ಟವರ್ ಹಿಲ್ ಸ್ಮಾರಕದಲ್ಲಿ ಹಡಗುವಾರು ಕೆತ್ತಿದ್ದಾರೆ. ನಮ್ಮವರ ಹೆಸರು ಇರುವುದು ಒಂದು ಪುಸ್ತಕದಲ್ಲಿ. ಅದರ ಒಂದು ಪ್ರತಿ ಚಿತ್ತಗಾಂಗ್‌ನಲ್ಲಿ, ಇನ್ನೊಂದು ಮುಂಬೈಯಲ್ಲಿ, ಮಸ್ಜಿದ್ ಬಂದರಿನ ಸೈಲರ್ಸ್ ಹೋಮ್‌ನಲ್ಲಿ.

ಮೊದಲು ಎಲ್ಲರೂ ಮಾಡುವ ಹಾಗೆ ಹೆಸರಿನಿಂದ ಶುರುಮಾಡಿದೆ. ದುಡ್ಡು ಕೊಟ್ಟು ಮನೆತನದ ದಾಖಲೆ ಹುಡುಕುವ ಒಂದು ವೆಬ್‌ಸೈಟಿಗೆ ವರ್ಷದ ಚಂದಾ ಕಟ್ಟಿದೆ, ಸುಮಾರು ಹನ್ನೆರಡು ಸಾವಿರ ರೂಪಾಯಿ. ಅಲ್ಲಿ ಇರುವುದೆಲ್ಲ ಇಂಗ್ಲೆಂಡಿನ ಜನಗಣತಿ, ಚರ್ಚಿನ ಪುಸ್ತಕ. ಹೊನ್ನಾವರದ ಕಡೆಯ ಖಲಾಸಿಗೆ ಅದರಿಂದ ಏನು ಪ್ರಯೋಜನ? ಆಮೇಲೆ ಮುಂಬೈಯಲ್ಲಿ ಒಬ್ಬ ಏಜೆಂಟ್ ಸಿಕ್ಕಿದ. ಹಳೇ ಕಂಪನಿಗಳ ರಿಜಿಸ್ಟರ್ ತೆಗೆಸಿಕೊಡುತ್ತೇನೆ ಎಂದು ಏಳೆಂಟು ಸಾವಿರ ಮುಂಗಡ ತೆಗೆದುಕೊಂಡ. ಎರಡು ಮಸುಕು ಜೆರಾಕ್ಸ್ ಕಳಿಸಿದ, ಎರಡೂ ಬೇರೆ ಯಾರದ್ದೋ. ಫೋನ್ ಎತ್ತುವುದನ್ನೂ ನಿಲ್ಲಿಸಿದ.

ಸಿಡಬ್ಲ್ಯುಜಿಸಿಯಲ್ಲಿ ಹೆಸರು ಹಾಕಿ ಹುಡುಕಿದರೂ ಇದೇ ಗತಿ. ಬರೆದುಕೊಂಡ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದಿದ್ದಾನೆ. ಅಪ್ಪನ ಹೆಸರು ಮುಂದೆ, ಮಗನ ಹೆಸರು ಹಿಂದೆ. ಮನೆತನದ ಹೆಸರು ಇಲ್ಲವೇ ಇಲ್ಲ. ಒಂದೇ ಹೆಸರಿನವರು ಪುಟಗಟ್ಟಲೆ ಬರುತ್ತಾರೆ. ಹೀಗೆ ಒಂದೂವರೆ ವರ್ಷ ಹೋಯಿತು.

ತಿರುವು ಸಿಕ್ಕಿದ್ದು ಹೆಸರಿನ ಖಾನೆಯನ್ನು ಖಾಲಿ ಬಿಟ್ಟಾಗ. ಹೆಸರು ಹಾಕಲಿಲ್ಲ, ಬರೀ ಸ್ಮಾರಕದ (ಚಿತ್ತಗಾಂಗ್, ಮುಂಬೈಯ ಆ ಪುಸ್ತಕದ) ಹೆಸರು ಆರಿಸಿದೆ. ಬಂದ ಪಟ್ಟಿಯನ್ನು ವರ್ಷವಾರು ಒಡೆದು ಇಳಿಸಿಕೊಂಡೆ. ಎಕ್ಸೆಲ್‌ನಲ್ಲಿ ಮೊದಲು ತಾರೀಕು, ಆಮೇಲೆ ಹಡಗು ಎಂದು ಜೋಡಿಸಿದೆ. ತಕ್ಷಣ ಚಿತ್ರ ಬದಲಾಯಿತು. ಒಂದೇ ತಾರೀಕು, ಒಂದೇ ಹಡಗು, ಕೆಳಗೆ ನಲವತ್ತೋ ಐವತ್ತೋ ಹೆಸರು. ಅಲ್ಲಿ ಒಂದು ಹಡಗು ಮುಳುಗಿದೆ ಎಂದರ್ಥ. ಗುಂಪಿಗೆ ಸೇರದೆ ಒಂಟಿಯಾಗಿ ನಿಂತ ಹೆಸರು ಇದ್ದರೆ ಕಾಯಿಲೆಯೋ, ಅಪಘಾತವೋ, ಸೆರೆಮನೆಯೋ ಆಗಿರಬಹುದು. ಅಂಥವನ್ನು ಬೇರೆ ಹಾಳೆಗೆ ಹಾಕಿದೆ.

ತಾರೀಕನ್ನು ಕಣ್ಣುಮುಚ್ಚಿ ನಂಬಬೇಡಿ. ಬೋಟಿನಲ್ಲಿ ದಿನಗಟ್ಟಲೆ ಬದುಕಿ ಆಮೇಲೆ ಸತ್ತವರಿಗೂ ಎಷ್ಟೋ ಕಡೆ ಹಡಗು ಮುಳುಗಿದ ದಿನವನ್ನೇ ಬರೆದಿರುತ್ತಾರೆ. ಒಂದೆರಡು ದಿನ ಆಚೀಚೆಯೂ ಇರುತ್ತದೆ. ನಾನು ಯಾವಾಗಲೂ ಇಡೀ ತಿಂಗಳನ್ನು ತೆಗೆದುಕೊಳ್ಳುತ್ತೇನೆ.

ವಿಧಾನ ಸರಿಯಿದೆಯೇ ಎಂದು ಪರೀಕ್ಷಿಸಲು ಎಲ್ಲವೂ ಮೊದಲೇ ಗೊತ್ತಿರುವ ಹಡಗು ಬೇಕಿತ್ತು. ನಾನು ಗೇರುಸೊಪ್ಪವನ್ನು ಆರಿಸಿದೆ. ಹೌದು, ನಮ್ಮ ಶರಾವತಿ ದಂಡೆಯ ಗೇರುಸೊಪ್ಪದ ಹೆಸರೇ. ಬ್ರಿಟಿಷ್ ಇಂಡಿಯಾ ಎಂಬ ಹಡಗು ಕಂಪನಿಯದು ಅದು. 1940ರ ಡಿಸೆಂಬರಿನಲ್ಲಿ ಕಲಕತ್ತೆಯಿಂದ ಚಹಾ, ಬೀಡು ಕಬ್ಬಿಣ, ಬೆಳ್ಳಿ ತುಂಬಿಕೊಂಡು ಹೊರಟಿತು. ಆಫ್ರಿಕಾದ ಫ್ರೀಟೌನ್‌ನಿಂದ ಬೆಂಗಾವಲು ತಂಡದ ಜೊತೆ ಸೇರಿತು. ಹವೆ ಕೆಟ್ಟಿತು, ಕಲ್ಲಿದ್ದಲು ಸಾಲದೆ ಬಂತು. ತಂಡ ಬಿಟ್ಟು ಒಂಟಿಯಾಗಿ ಐರ್ಲೆಂಡಿನ ಗಾಲ್ವೇ ಕಡೆಗೆ ತಿರುಗಿತು. 1941ರ ಫೆಬ್ರವರಿ 17ರ ಹೊತ್ತಿಗೆ ಜರ್ಮನ್ ಸಬ್‌ಮರೀನ್ ಯು-101 ಅದನ್ನು ಹೊಡೆಯಿತು. ಹಡಗಿನಲ್ಲಿ ಎಂಬತ್ತಕ್ಕೂ ಮಿಕ್ಕಿ ಜನ, ಅವರಲ್ಲಿ ಹೆಚ್ಚಿನವರು ಭಾರತದ ಖಲಾಸಿಗಳು. ಒಂದು ಬೋಟು ಹದಿಮೂರು ದಿನ ತೇಲಿ ಕಾರ್ನ್‌ವಾಲ್ ದಡಕ್ಕೆ ಬಂತು. ಬದುಕಿದ್ದು ಸೆಕೆಂಡ್ ಆಫೀಸರ್ ರಿಚರ್ಡ್ ಏರ್ಸ್ ಒಬ್ಬರೇ.

2012 ಮತ್ತು 2013ರಲ್ಲಿ ಸುಮಾರು 4,700 ಮೀಟರ್ ಆಳದಿಂದ ಅದರ ಬೆಳ್ಳಿಯನ್ನು ಮೇಲೆತ್ತಿದರು. ನೂರು ಟನ್‌ಗೂ ಜಾಸ್ತಿ. ಒಂದೊಂದು ಗಟ್ಟಿಯನ್ನೂ ಎಣಿಸಿ ಪಟ್ಟಿ ಮಾಡಿದರು. ಆ ಸುದ್ದಿ ಓದಿದಾಗ ನನಗೆ ಬಂದ ಸಿಟ್ಟೇ ಈ ಕೆಲಸಕ್ಕೆ ಕಾರಣ. ಬೆಳ್ಳಿಗೆ ಪಟ್ಟಿ ಇದೆ, ಆ ಬೆಳ್ಳಿ ಹೊತ್ತ ಹಡಗು ನಡೆಸಿದ ಸಾರಂಗ (ಖಲಾಸಿಗಳ ಮೇಸ್ತ್ರಿ), ತಾಂಡೇಲ (ಅವನ ಕೈಕೆಳಗಿನವ), ಸುಕಾಣಿ (ಚುಕ್ಕಾಣಿ ಹಿಡಿಯುವವ), ಭಂಡಾರಿ (ಅಡುಗೆಯವ) ಇವರ ಹೆಸರು ಸುದ್ದಿಯಲ್ಲಿ ಎಲ್ಲೂ ಇಲ್ಲ. ನನ್ನ ಎಕ್ಸೆಲ್ ಹಾಳೆಯಲ್ಲಿ ಆ ಗುಂಪು ಹತ್ತು ನಿಮಿಷದಲ್ಲಿ ಎದ್ದು ಬಂತು. ಅಲ್ಲಿಗೆ ವಿಧಾನ ಗಟ್ಟಿ ಎಂದು ಖಾತ್ರಿಯಾಯಿತು.

ಇನ್ನು ನಮ್ಮ ಅಜ್ಜಿಯ ಅಣ್ಣನ ವಿಷಯ. ಹಡಗಿನ ಹೆಸರು ಬರೆಯಬೇಡ ಎಂದು ದೊಡ್ಡಪ್ಪ ಹೇಳಿದ್ದಾರೆ, ಬರೆಯುವುದಿಲ್ಲ. ಮನೆಯಲ್ಲಿ ಉಳಿದಿದ್ದು ಮೂರು ಮಾತು ಮಾತ್ರ. ಮುಂಬೈಯಿಂದ ಹಡಗು ಹತ್ತಿದರು. ಮನಿ ಆರ್ಡರ್ ಒಂದು ಮಳೆಗಾಲದಲ್ಲಿ ನಿಂತುಹೋಯಿತು. ಅದೇ ವರ್ಷ ಊರಲ್ಲಿ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಊರವರು ಮಾತ್ರ ಬೇರೆಯೇ ಹೇಳುತ್ತಿದ್ದರು, ಆಫ್ರಿಕಾದಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ ಅಂತ. ಅವರ ಹೆಂಡತಿ ಆ ಮಾತು ಕೇಳುತ್ತಲೇ ಮುದುಕಿಯಾದರು.

ಮನಿ ಆರ್ಡರ್ ನಿಂತ ತಿಂಗಳು ತುಂಬಾ ಮುಖ್ಯ. ಖಲಾಸಿಯ ಸಂಬಳದಲ್ಲಿ ಒಂದು ಪಾಲು ಕಂಪನಿಯಿಂದ ನೇರ ಮನೆಗೆ ಬರುವ ಏರ್ಪಾಟು ಇದ್ದರೆ, ಹಡಗು ಮುಳುಗಿದ ಸುದ್ದಿ ಆಫೀಸು ತಲುಪಿದ ಮೇಲೆ ಅದು ನಿಲ್ಲುತ್ತದೆ. ನಾನು ಅದರಿಂದ ಮೂರ್ನಾಲ್ಕು ತಿಂಗಳು ಹಿಂದಕ್ಕೆ ಲೆಕ್ಕ ಹಾಕಿದೆ. ಆ ಅವಧಿಯಲ್ಲಿ ಮುಳುಗಿದ ಹಡಗುಗಳು ಹತ್ತಾರು. ಅವುಗಳಲ್ಲಿ ಮುಂಬೈಯಲ್ಲಿ ಜನ ತುಂಬಿಕೊಂಡವು ಯಾವುವು ಎಂದು ತಿಳಿಯಬೇಕು. ಅದಕ್ಕೆ ಕ್ಯೂ ಆರ್ಕೈವ್ಸ್‌ನ ಬಿಟಿ 389 ಎಂಬ ಸರಣಿಯ ಕಾರ್ಡುಗಳು. ಯಾವ ಹಡಗು ಯಾವ ದಿನ ಯಾವ ಬಂದರಿನಲ್ಲಿತ್ತು ಎಂದು ಅದರಲ್ಲಿ ಇರುತ್ತದೆ. ಹಡಗಿನ ಹೆಸರಿನ ಅಕ್ಷರಕ್ರಮದಲ್ಲಿದೆ, ಸ್ಕ್ಯಾನ್ ಆಗಿದೆ, ಮನೆಯಿಂದಲೇ ತೆಗೆಯಬಹುದು. ಹತ್ತಾರು ಇದ್ದದ್ದು ನಾಲ್ಕೈದಕ್ಕೆ ಇಳಿಯಿತು.

ಅಲ್ಲಿಂದ ಅದೇ ಆರ್ಕೈವ್ಸ್‌ನ ಬಿಟಿ 381 ಸರಣಿ. ಯುದ್ಧಕಾಲದ ಸಿಬ್ಬಂದಿ ಕರಾರುಗಳು ಇರುವುದು ಇಲ್ಲಿ. ಇದು ಹಡಗಿನ ಹೆಸರಿನಿಂದ ಸಿಗುವುದಿಲ್ಲ, ಹಡಗಿನ ಅಧಿಕೃತ ಸಂಖ್ಯೆಯಿಂದ ಸಿಗುತ್ತದೆ. ಆ ಸಂಖ್ಯೆಯನ್ನು ಕ್ರೂ ಲಿಸ್ಟ್ ಇಂಡೆಕ್ಸ್ ಪ್ರಾಜೆಕ್ಟ್ ಎಂಬ ವೆಬ್‌ಸೈಟಿನಲ್ಲಿ ಪುಕ್ಕಟೆ ನೋಡಬಹುದು. ಮೂಲ ಕಾಗದ ಕ್ಯೂನಲ್ಲೇ ಇದೆ. ಅಲ್ಲಿ ಕೂತು ಹುಡುಕಿಕೊಡುವ ಒಬ್ಬರನ್ನು ಗಂಟೆ ಲೆಕ್ಕದಲ್ಲಿ ಗೊತ್ತುಮಾಡಿಕೊಂಡೆ. ಗಂಟೆಗೆ ಮೂವತ್ತು ಪೌಂಡಿನ ಸುಮಾರು. ಸ್ವಂತ ಕ್ಯಾಮೆರಾದಲ್ಲಿ ಫೋಟೋ ತೆಗೆಯಲು ಅಲ್ಲಿ ದುಡ್ಡಿಲ್ಲ, ಹಾಗಾಗಿ ಕಂಡ ಹಾಳೆಯನ್ನೆಲ್ಲ ತೆಗೆದುಬಿಡಿ ಎಂದೆ. ಲಸ್ಕರ್ (ನಮ್ಮ ಖಲಾಸಿಗಳಿಗೆ ಬ್ರಿಟಿಷರು ಹೇಳುತ್ತಿದ್ದ ಹೆಸರು) ಕರಾರು ಬೇರೆ ಹಾಳೆಯಲ್ಲಿ ಇರುತ್ತದೆ, ಅದನ್ನು ಮೊದಲೇ ಒತ್ತಿ ಹೇಳಿ. ಇಲ್ಲದಿದ್ದರೆ ಆಫೀಸರುಗಳ ಪಟ್ಟಿ ಮಾತ್ರ ಕಳಿಸಿ ಕೆಲಸ ಮುಗಿಯಿತು ಎನ್ನುತ್ತಾರೆ.

ಮೂರನೇ ಹಡಗಿನಲ್ಲಿ ಸಿಕ್ಕಿದರು. ಹೆಸರು ಗುರುತೇ ಸಿಗದ ಹಾಗಿತ್ತು. ಆದರೆ ಊರು ಸರಿಯಿತ್ತು, ವಯಸ್ಸು ಸರಿಯಿತ್ತು, ಪಕ್ಕದ ಸಾಲಿನಲ್ಲಿ ಅದೇ ಊರಿನ ಇನ್ನೊಬ್ಬರಿದ್ದರು. ಕೆಲಸ ಬಾಯ್ಲರ್ ಮುಂದೆ, ಮೂಲ ಸಂಬಳ ತಿಂಗಳಿಗೆ ಇಪ್ಪತ್ತೈದು ರೂಪಾಯಿಯ ಆಸುಪಾಸು. ದೊಡ್ಡಪ್ಪನಿಗೆ ಹಾಳೆ ತೋರಿಸಿದೆ. ಆಫ್ರಿಕಾದ ಸಂಸಾರದ ಕತೆ ಅವತ್ತಿಗೆ ಮುಗಿಯಿತು. ದೊಡ್ಡಪ್ಪ ಊರಲ್ಲಿ ಮನೆಮನೆಗೆ ಹೋಗಿ ಆ ಹಾಳೆ ತೋರಿಸಿ ಬಂದರು.

ಊರಿನ ಹೆಸರು ಓದುವ ವಿಷಯದಲ್ಲಿ ಒಂದು ಮಾತು. ಉತ್ತರ ಕನ್ನಡ ಆಗ ಬೊಂಬಾಯಿ ಪ್ರಾಂತ್ಯದಲ್ಲಿತ್ತು, ದಕ್ಷಿಣ ಕನ್ನಡ ಮದರಾಸಿನಲ್ಲಿ. ಬೊಂಬಾಯಿಯವರು ಕೆನರಾವನ್ನು ಇಂಗ್ಲಿಷಿನ 'ಕೆ' ಅಕ್ಷರದಿಂದ, ಮದರಾಸಿನವರು 'ಸಿ'ಯಿಂದ ಬರೆಯುವುದು ರೂಢಿ. ಎರಡೂ ಹಾಕಿ ಹುಡುಕಿ. ಹೊನ್ನಾವರಕ್ಕೆ ಓನೋರ್ ಎಂಬ ಹಳೇ ರೂಪವೂ ಇದೆ. ಇದರ ಮುಂದೆ, ಕೆಟ್ಟುಹೋದ ಹೆಸರುಗಳನ್ನು ಮೂಲಕ್ಕೆ ತಿರುಗಿಸಲು ನಾನೊಂದು ಕೋಷ್ಟಕ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ತುಂಬಾ ಕಷ್ಟಪಟ್ಟು ಮಾಡಿದ್ದು, ಇನ್ನೂ ಒಂದಿಷ್ಟು ಮನೆಗಳ ಕೆಲಸ ಅದರಿಂದ ಆಗಬೇಕಿದೆ. ಕ್ಯೂನಲ್ಲಿ ಕಡಿಮೆ ಗಂಟೆಯಲ್ಲಿ ಜಾಸ್ತಿ ಪೆಟ್ಟಿಗೆ ತೆಗೆಸುವ ಉಪಾಯವೂ ಒಂದಿದೆ, ಅದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಸಂಬಳದ ಖಾನೆ ನೋಡುತ್ತಾ ಬೇರೆ ದಾರಿಗೂ ಹೋದೆ. 1939ರಲ್ಲಿ ಯುದ್ಧ ಶುರುವಾದ ಕೂಡಲೇ ಬ್ರಿಟನ್ನಿನ ಬಂದರುಗಳಲ್ಲಿ ಭಾರತದ ಖಲಾಸಿಗಳು ಸಂಬಳ ಏರಿಸದೆ ಹಡಗು ಹತ್ತುವುದಿಲ್ಲ ಎಂದು ಕೂತರು. ಬಿಳಿಯ ನಾವಿಕನಿಗೆ ಸಿಗುವುದರ ಕಾಲುಭಾಗದಷ್ಟು ಅವರ ಸಂಬಳ. ಅಪಾಯ ಇಬ್ಬರಿಗೂ ಒಂದೇ ಅಲ್ವಾ? ನೂರಾರು ಜನರನ್ನು ಜೈಲಿಗೆ ಹಾಕಿದರು. ಆದರೂ ಬಗ್ಗಲಿಲ್ಲ, ವರ್ಷದ ಕೊನೆಗೆ ಸಂಬಳ ಏರಿತು. ಹಾಗಾಗಿ ಯಾವುದಾದರೂ ಹಾಳೆಯಲ್ಲಿ ತಾರೀಕು ಹರಿದುಹೋಗಿದ್ದರೆ, ಸಂಬಳ ನೋಡಿ ಅದು ಏರಿಕೆಯ ಮುಂಚಿನದೋ ಆಮೇಲಿನದೋ ಎಂದು ಅಂದಾಜು ಮಾಡಬಹುದು. ನನಗೆ ಎರಡು ಕಡೆ ಇದು ಸರಿಹೋಯಿತು.

ಇನ್ನೊಂದು ಪ್ರಯೋಗ ಅರ್ಧಕ್ಕೆ ನಿಂತಿದೆ. ಟಾರ್ಪೆಡೋ ಹೆಚ್ಚಾಗಿ ಎಂಜಿನ್ ರೂಮಿನ ಕಡೆ ಹೊಡೆಯುತ್ತದೆ. ಆ ಹೊತ್ತಿನಲ್ಲಿ ಪಾಳಿಯಲ್ಲಿದ್ದ ಬಾಯ್ಲರ್ ಜನ ಮೇಲೆ ಬರಲು ಆಗುವುದಿಲ್ಲ. ಪಾಳಿ ನಾಲ್ಕು ನಾಲ್ಕು ಗಂಟೆಯದು. ಹೊಡೆದ ಸಮಯ ಗೊತ್ತಾದರೆ ಯಾವ ಪಾಳಿಯವರು ಹೋದರು ಎಂದು ಹೇಳಬಹುದೇ ಎಂದು ನೋಡಿದೆ. 1940ರ ಸೆಪ್ಟೆಂಬರಿನಲ್ಲಿ ಮುಳುಗಿದ, ಇಂಗ್ಲೆಂಡಿನ ಮಕ್ಕಳನ್ನು ಕೆನಡಾಕ್ಕೆ ಒಯ್ಯುತ್ತಿದ್ದ ಸಿಟಿ ಆಫ್ ಬನಾರಸ್‌ಗೆ ರಾತ್ರಿ ಹತ್ತರ ಸುಮಾರಿಗೆ ಏಟು ಬಿತ್ತು, ಅಂದರೆ ಎಂಟರಿಂದ ಹನ್ನೆರಡರ ಪಾಳಿ. 1942ರ ನವೆಂಬರ್ 23ರಂದು, ಮುಂಬೈಯಿಂದ ಮೊಂಬಾಸಾಕ್ಕೆ ಹೊರಟಿದ್ದ ತಿಲಾವಾವನ್ನು ಜಪಾನೀ ಸಬ್‌ಮರೀನ್ ಮುಳುಗಿಸಿದ್ದು ನಸುಕಿನ ಮುಂಚೆ. ತೊಂದರೆ ಎಂದರೆ, ಜರ್ಮನ್ ದಾಖಲೆಯ ಸಮಯ ಜರ್ಮನ್ ಗಡಿಯಾರದ್ದು, ಹಡಗಿನ ಗಡಿಯಾರದ್ದಲ್ಲ. ಒಂದೆರಡು ಗಂಟೆ ವ್ಯತ್ಯಾಸ ಬಂದರೆ ಪಾಳಿಯೇ ಬದಲಾಗುತ್ತದೆ. ಜೊತೆಗೆ ಬೋಟು ಮಗುಚಿ, ಚಳಿಯಲ್ಲಿ ಸತ್ತವರು ಎಲ್ಲ ಕೆಲಸದವರೂ ಇದ್ದಾರೆ. ಬನಾರಸ್‌ನ ಒಂದು ಬೋಟು ಎಂಟು ದಿನ ತೇಲಿತು, ಅದರಲ್ಲಿ ಮಕ್ಕಳ ಜೊತೆ ನಮ್ಮ ಖಲಾಸಿಗಳು ಸುಮಾರು ಮೂವತ್ತು ಜನ ಇದ್ದರು. ಅಂಥ ಹಡಗಿನಲ್ಲಿ ಪಾಳಿ ಲೆಕ್ಕ ಕೆಲಸಕ್ಕೆ ಬರುವುದಿಲ್ಲ.

ಸಿಂಧಿಯಾ ಎಂಬ ಭಾರತೀಯ ಹಡಗು ಕಂಪನಿಯ ಹಡಗು ಹುಡುಕುವವರಿಗೆ ಎಚ್ಚರಿಕೆ. ಹೆಚ್ಚಿನ ಹೆಸರುಗಳು 'ಜಲ'ದಿಂದ ಶುರು. ಜಲರಾಜನ್, ಜಲತರಂಗ್ 1942ರಲ್ಲಿ ಹೋದವು, ಜಲಬಾಲಾ 1943ರಲ್ಲಿ. ಜಲಪದ್ಮ ಎಂಬುದು 1944ರ ಏಪ್ರಿಲ್ 14ರ ಮುಂಬೈ ವಿಕ್ಟೋರಿಯಾ ಡಾಕ್ ಸ್ಫೋಟದಲ್ಲಿ ದಕ್ಕೆಯ ಮೇಲಕ್ಕೆ ಎಸೆಯಲ್ಪಟ್ಟ ಹಡಗು. ಗುಮಾಸ್ತರು ಕೊನೆಯ ಅಕ್ಷರಗಳನ್ನು ನುಂಗಿದ್ದರೆ ಯಾವುದು ಯಾವುದು ಎಂದು ಅಧಿಕೃತ ಸಂಖ್ಯೆಯೇ ಹೇಳಬೇಕು.

ಖರ್ಚು ಒಟ್ಟು ಮೂವತ್ತೈದು ಸಾವಿರದ ಹತ್ತಿರ ಆಗಿರಬೇಕು. ಅದರಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಕ್ಯೂಗೆ ಕೊಟ್ಟ ಹತ್ತು ಹನ್ನೆರಡು ಸಾವಿರ. ಈಗ ಶುರುಮಾಡುವವರಿಗೆ ಅಷ್ಟರಲ್ಲೇ ಮುಗಿಯುತ್ತದೆ. ನಾಲ್ಕೈದು ಮನೆಯವರು ಸೇರಿ ಹಡಗುಗಳನ್ನು ಒಟ್ಟು ಮಾಡಿ ಕಳಿಸಿದರೆ ಇನ್ನೂ ಕಡಿಮೆ. ದುಡ್ಡು ಹಾಳು ಮಾಡಬೇಡಿ ಎಂದಿದ್ದ ಆ ಹಿರಿಯರೂ ಈಗ ತಮ್ಮ ಸೋದರಮಾವನ ವಿವರ ಕೊಟ್ಟಿದ್ದಾರೆ.

ಮೊದಲ ಮಹಾಯುದ್ಧಕ್ಕೂ ಇದೇ ದಾರಿ ಬಹುಮಟ್ಟಿಗೆ ನಡೆಯುತ್ತದೆ. 1915ರ ಸಿಬ್ಬಂದಿ ಪಟ್ಟಿ ಪುಕ್ಕಟೆ ಇದೆ, ಹುಟ್ಟಿದ ಊರಿನಿಂದಲೂ ಹುಡುಕಬಹುದು. ನಡೆಯದೇ ಇರುವುದು ಸೆರೆ ಸಿಕ್ಕವರ ವಿಷಯದಲ್ಲಿ. ಎರಡನೇ ಯುದ್ಧದಲ್ಲಿ ಸಾವಿರಕ್ಕೂ ಜಾಸ್ತಿ ಭಾರತೀಯ ನಾವಿಕರು ಸೆರೆಯಾದರು. ಜರ್ಮನಿಯ ಮಿಲಾಗ್ ನಾರ್ಡ್ ಶಿಬಿರದಲ್ಲಿ ಅವರಿಗೆ ಬೇರೆ ಬಿಡಾರವೇ ಇತ್ತು. ಬದುಕಿ ಬಂದವರ ಹೆಸರು ಸತ್ತವರ ಪುಸ್ತಕದಲ್ಲಿ ಇರುವುದಿಲ್ಲ, ಹಾಗಾಗಿ ನನ್ನ ಮೊದಲ ಹೆಜ್ಜೆಯೇ ಅಲ್ಲಿ ಬೀಳುವುದಿಲ್ಲ. ಸದ್ಯ ಜರ್ಮನ್ ಯುದ್ಧನೌಕೆಗಳು ಹಿಡಿದ ಹಡಗುಗಳ ಪಟ್ಟಿ ಮಾಡಿ, ಒಂದೊಂದರ ಲಸ್ಕರ್ ಕರಾರು ತೆಗೆಸುತ್ತಿದ್ದೇನೆ. ಮೊದಲ ಎರಡು ಹಡಗಿನ ಹಾಳೆಗಳು ಬಂದಿವೆ, ಓದುತ್ತಿದ್ದೇನೆ.