ಹೆಡ್‌ಲೈಟ್ ಒಳಗೆ ಮಬ್ಬು ಕಟ್ಟಿದರೆ ಮೊದಲು ಹಿಂದಿನ ಮುಚ್ಚಳ ನೋಡಿ

ತೀರ್ಥಹಳ್ಳಿಯಲ್ಲಿ ನನ್ನದು ಆಟೋ ಎಲೆಕ್ಟ್ರಿಕಲ್ ಕೆಲಸ. ಬ್ಯಾಟರಿ, ವೈರಿಂಗ್, ಸೆಲ್ಫ್, ಲೈಟು. ಮೃಗಶಿರ ಮಳೆ ಹಿಡಿದ ಮೇಲೆ ಅಂಗಡಿಗೆ ಬರುವ ಕಾರುಗಳಲ್ಲಿ ಹೆಡ್‌ಲೈಟಿನ ದೂರೇ ಜಾಸ್ತಿ. "ಗ್ಲಾಸ್ ಒಳಗೆಲ್ಲ ಮಬ್ಬಾಗಿದೆ, ಇಡೀ ಲೈಟೇ ಬದಲಿಸಬೇಕಾ?" ಅಂತ ಕೇಳುತ್ತಾರೆ. ಬಹಳಷ್ಟು ಸಲ ಬೇಡ. ಆದರೆ ಹಾಗೇ ಬಿಡುವುದೂ ಸರಿಯಲ್ಲ. ಒಳಗೆ ಹನಿ ಕಟ್ಟಿದ ಗ್ಲಾಸು ಬೆಳಕನ್ನು ಚೆದುರಿಸುತ್ತದೆ. ಡಿಮ್ ಹಾಕಿದರೂ ಎದುರಿನವನ ಕಣ್ಣಿಗೆ ಹೊಡೆಯುತ್ತದೆ, ನಿಮ್ಮ ಮುಂದಿನ ರಸ್ತೆ ಮಾತ್ರ ಕಾಣುವುದಿಲ್ಲ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಮಂಜು ಇಳಿದಾಗ ಇಂಥ ಲೈಟ್ ಇಟ್ಟುಕೊಂಡು ಇಳಿಯಬಾರದು.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಹೆಡ್‌ಲೈಟ್ ಅಂದರೆ ಪೂರ್ತಿ ಮುಚ್ಚಿದ ಡಬ್ಬಿ ಅಲ್ಲ. ಅದು ಉಸಿರಾಡಬೇಕು. ಬಲ್ಬ್ ಉರಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಹೊರಗೆ ಹೋಗುತ್ತದೆ. ಲೈಟ್ ಆರಿಸಿದಾಗ, ಇಲ್ಲ ಮೇಲೆ ಮಳೆ ಸುರಿದಾಗ, ಗಾಳಿ ತಣಿದು ಕುಗ್ಗುತ್ತದೆ, ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಹೀಗೆ ಬಂದು ಹೋಗಲಿ ಅಂತಲೇ ಕಂಪನಿಯವರು ಹಿಂಭಾಗದಲ್ಲಿ ಗಾಳಿಕಿಂಡಿ ಇಟ್ಟಿರುತ್ತಾರೆ. ಕೆಲವು ಲೈಟ್‌ಗಳಲ್ಲಿ ಬಾಗಿದ ಸಣ್ಣ ರಬ್ಬರ್ ಕೊಳವೆ, ಕೆಲವುಗಳಲ್ಲಿ ಪ್ಲಾಸ್ಟಿಕ್ ಟೋಪಿ, ಹೊಸ ಕಾರುಗಳಲ್ಲಿ ಗಾಳಿ ಮಾತ್ರ ದಾಟಿ ನೀರು ದಾಟದಂಥ ತೆಳು ಬಿಳಿ ಪೊರೆ.

ನಮ್ಮ ಕಡೆಯ ಮಳೆಗಾಲದಲ್ಲಿ ಆ ಗಾಳಿಯಲ್ಲೇ ನೀರು ತುಂಬಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಹಾಗಾಗಿ ಪೇಟೆಯಲ್ಲಿ ಏನೂ ತೊಂದರೆ ಕೊಡದ ಕಾರು ಘಟ್ಟದ ಕಡೆ ಬಂದು ಎರಡು ರಾತ್ರಿ ನಿಂತರೆ ಮಬ್ಬು ಕಟ್ಟುತ್ತದೆ. ತಣ್ಣೀರು ತುಂಬಿದ ಲೋಟದ ಹೊರಗೆ ಹನಿ ಮೂಡುತ್ತದಲ್ಲ, ಅದೇ ಇಲ್ಲಿ ಗ್ಲಾಸಿನ ಒಳಗಡೆ ಆಗುತ್ತದೆ. ಲೈಟ್ ಹಾಳಾಗಿದೆ ಅಂತ ಇದಕ್ಕೆ ಅರ್ಥವಲ್ಲ.

ಹಾಗಾದರೆ ಯಾವುದು ಮಾಮೂಲಿ, ಯಾವುದು ಸೋರಿಕೆ? ಗ್ಲಾಸಿನ ಒಂದು ಮೂಲೆಯಲ್ಲಿ ತೆಳುವಾಗಿ ಉಸಿರು ಬಿಟ್ಟಂತೆ ಮಬ್ಬಿದ್ದರೆ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ಮಳೆ ಬಿಟ್ಟ ಹೊತ್ತಿನಲ್ಲಿ ಲೈಟ್ ಹಾಕಿಕೊಂಡು ಹೊರಡಿ. ನಮ್ಮೂರಿನಿಂದ ಮಂಡಗದ್ದೆ ಮುಟ್ಟುವಷ್ಟು ಹೊತ್ತು, ಅಂದರೆ ಅರ್ಧ ಗಂಟೆ, ಓಡಿಸಿ ಮತ್ತೆ ಫೋಟೋ ತೆಗೆಯಿರಿ. ಮಬ್ಬು ಹೋಗಿದ್ದರೆ ಅಥವಾ ಚೆನ್ನಾಗಿ ಕುಗ್ಗಿದ್ದರೆ ಏನೂ ಮಾಡಬೇಡಿ. ಎಲ್‌ಇಡಿ ಲೈಟ್ ಇದ್ದರೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಹ್ಯಾಲೊಜೆನ್ ಬಲ್ಬಿನ ಹಾಗೆ ಎಲ್‌ಇಡಿ ಮುಂದಿನ ಗ್ಲಾಸನ್ನು ಬಿಸಿ ಮಾಡುವುದಿಲ್ಲ, ಅದಕ್ಕೇ ಒಣಗುವುದು ನಿಧಾನ.

ಹನಿ ದಪ್ಪವಾಗಿ ಕೆಳಗೆ ಇಳಿಯುತ್ತಿದ್ದರೆ, ತಳದಲ್ಲಿ ನೀರು ನಿಂತಿದ್ದರೆ, ಒಂದೇ ಕಡೆಯ ಲೈಟಿನಲ್ಲಿ ಮಾತ್ರ ದಿನವೂ ಮಬ್ಬಿದ್ದರೆ, ಅದು ಸೋರಿಕೆ. ಆಗ ಒಣಗಿಸುವ ಮೊದಲು ನೀರು ಬಂದ ದಾರಿ ಹುಡುಕಬೇಕು. ದಾರಿ ಮುಚ್ಚದೆ ಸುಮ್ನೆ ಒಣಗಿಸಿದರೆ ಮುಂದಿನ ಮಳೆಗೆ ಮತ್ತೆ ಅದೇ ಕತೆ.

ನಾನು ಮೊದಲು ಕೈ ಹಾಕುವುದು ಹಿಂದಿನ ಮುಚ್ಚಳಕ್ಕೆ. "ಇತ್ತೀಚೆಗೆ ಬಲ್ಬ್ ಏನಾದ್ರೂ ಹಾಕ್ಸಿದ್ರಾ?" ಅಂತ ಕೇಳಿದರೆ ಹೌದು ಅನ್ನುವವರೇ ಹೆಚ್ಚು. ಎಚ್4 ಬಲ್ಬ್, ಅಂದರೆ ಡಿಮ್ಮೂ ಬ್ರೈಟೂ ಒಂದರಲ್ಲೇ ಇರುವ ಬಲ್ಬ್, ಹಾಕಿದ ಕಾರುಗಳಲ್ಲಿ ಹಿಂದೆ ಕಪ್ಪು ರಬ್ಬರ್ ಟೋಪಿ ಇರುತ್ತದೆ, ನಡುವೆ ಬಲ್ಬಿನ ಮೂರು ಕಾಲು ಹೊರಗೆ ಬರುವಂತೆ ಕಿಂಡಿ. ಈ ಟೋಪಿಗೆ ಎರಡು ತುಟಿ. ಒಳಗಿನದು ಬಲ್ಬಿನ ಕುತ್ತಿಗೆ ಹಿಡಿಯಬೇಕು, ಹೊರಗಿನದು ಲೈಟಿನ ಪ್ಲಾಸ್ಟಿಕ್ ಅಂಚಿನ ಮೇಲೆ ಸುತ್ತಲೂ ಕೂರಬೇಕು. ಬಲ್ಬ್ ಹಾಕಿದವರು ಕನೆಕ್ಟರ್ ಒತ್ತಿ, ಲೈಟ್ ಉರಿಯಿತು ಅಂತ ಬಾನೆಟ್ ಮುಚ್ಚುತ್ತಾರೆ. ಹೊರಗಿನ ತುಟಿ ಕೆಳಗಡೆ ಒಂದಿಂಚು ಮಡಚಿಕೊಂಡೇ ಉಳಿದಿರುತ್ತದೆ. ಬ್ಯಾಟರಿ ಇರುವ ಕಡೆ ಕೈಯೂ ಹೋಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಚಕ್ರ ಎರಚುವ ಕೆಸರು ನೀರಿಗೆ ಅಷ್ಟು ಜಾಗ ಸಾಕು.

ನೀವೇ ನೋಡಿಕೊಳ್ಳಬಹುದು. ಲೈಟ್ ಆರಿಸಿ, ಬಲ್ಬ್ ತಣಿಯಲು ಬಿಡಿ. ಫೋನಿನ ಟಾರ್ಚ್ ಹಾಕಿ ಹಿಂದಿನಿಂದ ವಿಡಿಯೋ ಮಾಡುತ್ತಾ ಟೋಪಿಯ ಸುತ್ತ ಒಂದು ಸುತ್ತು ತಿರುಗಿಸಿ. ಆಮೇಲೆ ಬೆರಳಿನಿಂದ ತುಟಿಯನ್ನು ಸುತ್ತಲೂ ಸವರಿ. ಮಡಿಕೆ ಬೆರಳಿಗೆ ಸಿಗುತ್ತದೆ. ಕನೆಕ್ಟರ್ ತೆಗೆದು, ಟೋಪಿ ಬಿಚ್ಚಿ, ಎರಡು ಬೆರಳಲ್ಲಿ ಮಡಚಿ ನೋಡಿ. ಮಡಚಿದಲ್ಲಿ ಸೀಳು ಬಿಟ್ಟರೆ ಹೊಸದು ಹಾಕಿ, ಇದೇನು ದುಬಾರಿ ವಸ್ತುವಲ್ಲ. ಎಷ್ಟೋ ಟೋಪಿಗಳ ಮೇಲೆ ಟಾಪ್ ಎಂದು ಅಚ್ಚೊತ್ತಿರುತ್ತದೆ, ಆ ಭಾಗ ಮೇಲೆ ಬರಬೇಕು. ಕೂರಿಸಲು ಕಷ್ಟವಾದರೆ ತುಟಿಗೆ ಒಂಚೂರು ಸಿಲಿಕಾನ್ ಗ್ರೀಸ್ ಸವರಿ. ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಉಬ್ಬಿ ಸಡಿಲವಾಗುತ್ತದೆ. ತಿರುಗಿಸಿ ಹಾಕುವ ಪ್ಲಾಸ್ಟಿಕ್ ಮುಚ್ಚಳ ಇರುವ ಲೈಟ್‌ನಲ್ಲಿ ಒಳಗಿನ ರಬ್ಬರ್ ಬಳೆ ಇದೆಯೇ, ಚಪ್ಪಟೆಯಾಗಿದೆಯೇ ನೋಡಿ.

ಹೊರಗಿನಿಂದ ತಂದು ಹಾಕುವ ಎಲ್‌ಇಡಿ ಬಲ್ಬ್‌ಗಳ ಬಗ್ಗೆ ಒಂದು ಮಾತು. ಅವುಗಳ ಹಿಂದೆ ಫ್ಯಾನ್ ಇರುವುದರಿಂದ ಮುಚ್ಚಳ ಕೂರುವುದಿಲ್ಲ. ಟೋಪಿಯನ್ನು ಬ್ಲೇಡಿನಲ್ಲಿ ಕೊಯ್ದು ತೂತು ದೊಡ್ಡದು ಮಾಡುತ್ತಾರೆ, ಇಲ್ಲ ತೆಗೆದು ಡಿಕ್ಕಿಯಲ್ಲಿ ಎಸೆಯುತ್ತಾರೆ. ಮಲೆನಾಡಿನಲ್ಲಿ ಓಡುವ ಗಾಡಿಗೆ ಇದನ್ನು ಮಾಡಿಸಬೇಡಿ.

ಮುಚ್ಚಳ ಸರಿ ಇದ್ದರೆ ಮುಂದೆ ಗಾಳಿಕಿಂಡಿ. ಕೆಂಪು ಕೆಸರು ಒಣಗಿ ಗಟ್ಟಿಯಾಗಿರುತ್ತದೆ. ಶೆಡ್ಡಿನಲ್ಲಿ ಜಾಸ್ತಿ ದಿನ ನಿಂತ ಕಾರಾದರೆ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿರುವುದೂ ಉಂಟು. ರಬ್ಬರ್ ಕೊಳವೆಯನ್ನು ಎಳೆದು ತೆಗೆದು ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಬಾಯಿ ಕೆಳಮುಖವಾಗಿರುವಂತೆ ಹಾಕಿ. ಬಿಳಿ ಪೊರೆ ಇರುವ ಕಿಂಡಿಗೆ ಪಿನ್ ಚುಚ್ಚಬೇಡಿ, ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಮೆತ್ತನೆ ಬ್ರಷ್‌ನಲ್ಲಿ ಹೊರಗಿನ ಮಣ್ಣು ಉದುರಿಸಿದರೆ ಸಾಕು.

ಹೊಸನಗರ ಕಡೆಯ ಒಬ್ಬ ಅಡಿಕೆ ಬೆಳೆಗಾರರು ಒಮ್ಮೆ ಕಾರು ತಂದರು. ಬೇರೆ ಎಲ್ಲೋ ಲೈಟಿನ ಸುತ್ತ ಸಿಲಿಕಾನ್ ಬಳಿಸಿದ್ದರು, ಗಾಳಿಕಿಂಡಿಗಳನ್ನೂ ಸೇರಿಸಿ. "ಎಂತ ಮಾರಾಯ, ಇಷ್ಟು ಬಿಗಿ ಮಾಡಿಸಿದ್ರೂ ನೀರು ಬರ್ತದಲ್ಲ" ಅಂದರು. "ಬಿಗಿ ಮಾಡಿದ್ದಕ್ಕೇ ಬರ್ತಿರೋದು ಮಾರಾಯ್ರೆ" ಅಂದೆ. ಕಿಂಡಿ ಮುಚ್ಚಿದಾಗ ತಣಿದ ಗಾಳಿ ಒಳಗಿನಿಂದ ಜಗ್ಗುತ್ತದೆ, ಎಲ್ಲಿ ಕೂದಲೆಳೆಯಷ್ಟು ಸಂದು ಇದೆಯೋ ಅಲ್ಲಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಒಮ್ಮೆ ಬಂದ ನೀರಿಗೆ ಹೊರಗೆ ಹೋಗಲು ದಾರಿಯೂ ಇಲ್ಲ. ಕಿಂಡಿಯ ಸಿಲಿಕಾನ್ ಕೆರೆದು ತೆಗೆದು, ನಿಜವಾದ ಸಂದು ಹುಡುಕಿ ಅಲ್ಲಿಗೆ ಮಾತ್ರ ಹಚ್ಚಿದೆ. ಅವರ ಲೈಟ್ ಸರಿಯಾಯಿತು.

ಆ ಸಂದು ಹುಡುಕುವುದು ಹೇಗೆ ಅಂದರೆ, ಲೈಟನ್ನು ಕಾರಿನಿಂದ ಬಿಚ್ಚಬೇಕು. ಬಿಚ್ಚುವ ಮೊದಲು ಕಾರನ್ನು ಗೋಡೆಗೆ ಎದುರಾಗಿ ಸಮ ನೆಲದಲ್ಲಿ ನಿಲ್ಲಿಸಿ ಡಿಮ್ ಹಾಕಿ, ಬೆಳಕಿನ ಮೇಲಂಚು ಬೀಳುವ ಜಾಗಕ್ಕೆ ಟೇಪ್ ಅಂಟಿಸಿ. ಚಕ್ರ ನಿಂತ ಜಾಗಕ್ಕೂ ಸುಣ್ಣದ ಗೆರೆ ಎಳೆಯಿರಿ. ಇದು ಕೊನೆಯಲ್ಲಿ ಬೇಕಾಗುತ್ತದೆ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಕಾರಿನಲ್ಲಿ ಎಚ್‌ಐಡಿ ಲೈಟ್, ಅಂದರೆ ತಂತಿಯ ಬದಲು ಅನಿಲದೊಳಗೆ ಕಿಡಿ ಹೊತ್ತಿಸಿ ಬೆಳಗುವ ಲೈಟ್, ಇದ್ದರೆ ನೀವು ಕೈ ಹಾಕಲೇಬೇಡಿ. ಅದು ಹೊತ್ತಿಕೊಳ್ಳುವಾಗ ಸಾವಿರಾರು ವೋಲ್ಟ್ ಇರುತ್ತದೆ.

ಬಿಚ್ಚಿದ ಲೈಟಿಗೆ ಹಿಂದಿನ ಮುಚ್ಚಳಗಳನ್ನು ಸರಿಯಾಗಿ ಹಾಕಿ. ಒಂದು ಗಾಳಿಕಿಂಡಿ ಬಿಟ್ಟು ಉಳಿದವಕ್ಕೆ ಟೇಪ್ ಅಂಟಿಸಿ. ಬಿಟ್ಟ ಕಿಂಡಿಗೆ ಸಣ್ಣ ಪೈಪ್ ಸಿಕ್ಕಿಸಿ ಬಾಯಿಂದ ಮೆಲ್ಲಗೆ ಊದಿ. ಇನ್ನೊಬ್ಬರು ಗ್ಲಾಸು ಮತ್ತು ಕಪ್ಪು ಪ್ಲಾಸ್ಟಿಕ್ ಕೂಡುವ ಅಂಚಿನುದ್ದಕ್ಕೂ ಸೋಪಿನ ನೀರು ಸವರುತ್ತಾ ಹೋಗಲಿ. ಗುಳ್ಳೆ ಎದ್ದ ಕಡೆ ಮಾರ್ಕರ್‌ನಲ್ಲಿ ಗೆರೆ ಹಾಕಿ. ಹಳೆ ಕಾರುಗಳಲ್ಲಿ ಅಂಚಿನ ಅಂಟು ಒಣಗಿ ಬಿಟ್ಟಿರುತ್ತದೆ. ಎಲ್ಲೋ ತಾಗಿಸಿದ ಕಾರಾದರೆ ಲೈಟನ್ನು ಕಾರಿಗೆ ಬಿಗಿಯುವ ಹಿಡಿ ಮುರಿದಲ್ಲಿ ಸೀಳಿರುತ್ತದೆ.

ಗುರುತು ಹಾಕಿದ ಮೇಲೆ ಒಣಗಿಸುವ ಕೆಲಸ. ಬಲ್ಬ್‌ಗಳನ್ನು ತೆಗೆದು ಲೈಟ್ ತಿರುಗಿಸಿ ನೀರು ಬಸಿಯಿರಿ. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿ ಬೆರಳಿನಿಂದ ಮುಟ್ಟಬೇಡಿ. ಆಮೇಲೆ ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿಟ್ಟು, ಒಂದು ಗೇಣು ದೂರದಿಂದ, ಬಲ್ಬಿನ ತೂತಿನೊಳಗೆ ಗಾಳಿ ಬಿಡಿ. ಇನ್ನೊಂದು ತೂತು ತೆರೆದಿರಲಿ, ತೇವ ಹೊರಗೆ ಹೋಗಬೇಕಲ್ವಾ. ಗ್ಲಾಸ್ ಮೇಲೆ ಅಂಗೈ ಇಡಲು ಆಗದಷ್ಟು ಬಿಸಿಯಾದರೆ ನಿಲ್ಲಿಸಿ. ಒಳಗೆ ಬಟ್ಟೆ ತೂರಿಸಿ ಒರೆಸಲು ಹೋಗಬೇಡಿ. ಕನ್ನಡಿಯ ಹಾಗೆ ಹೊಳೆಯುವ ಆ ಲೇಪ ಬಹಳ ತೆಳು, ಒಮ್ಮೆ ಉಜ್ಜಿದರೆ ಎದ್ದು ಬರುತ್ತದೆ. ಅದು ಹೋದರೆ ಲೈಟಿನ ಬೆಳಕೇ ಹೋಯಿತು.

ಬಿಸಿಲಿದ್ದರೆ ಡ್ರೈಯರೂ ಬೇಡ. ಆದರೆ ಪುಷ್ಯ ಮಳೆಯಲ್ಲಿ ಬಿಸಿಲು ಎಲ್ಲಿಂದ ತರುವುದು? ಹಾಗಂತ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ನಮ್ಮ ಮನೆಗಳಲ್ಲಿ ಏನೇ ಒದ್ದೆಯಾದರೂ ಅಲ್ಲಿಗೇ ಹೋಗುತ್ತದೆ, ಆದರೆ ಹೊಗೆಯ ಮಸಿ ಒಳಗಿನ ಲೇಪದ ಮೇಲೆ ಕೂತರೆ ತೆಗೆಯಲು ಬರುವುದಿಲ್ಲ. ಅಕ್ಕಿಯಲ್ಲಿ ಹೂಳುವುದೂ ಬೇಡ, ಪುಡಿ ಒಳಗೆ ಸೇರುತ್ತದೆ. ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳಿಗೆ ದಾರ ಕಟ್ಟಿ ಒಳಗೆ ಇಳಿಬಿಟ್ಟು ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ದಾರ ಎಳೆದು ತೆಗೆಯಿರಿ. ಪೊಟ್ಟಣ ಒಳಗೇ ಬಿಟ್ಟು ಲೈಟ್ ಹಾಕಿದರೆ ಬಲ್ಬಿನ ಶಾಖಕ್ಕೆ ಸುಡುತ್ತದೆ.

ಅಂಟಿನ ವಿಷಯದಲ್ಲಿ ಜಾಗ್ರತೆ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕೆಲವು ಸಿಲಿಕಾನ್ ಹುಳಿ ವಾಸನೆ ಹೊಡೆಯುತ್ತದೆ, ವಿನೆಗರ್ ವಾಸನೆ. ಒಣಗುವಾಗ ಅದು ಬಿಡುವ ಆಮ್ಲದ ಆವಿ ಒಳಗಿನ ಲೇಪವನ್ನೂ ಬಲ್ಬಿನ ಹೋಲ್ಡರನ್ನೂ ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನೇ ಕೇಳಿ ತನ್ನಿ. ಗುಳ್ಳೆ ಎದ್ದ ಜಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಚ್ಚಿ, ಒಂದು ದಿನ ಬಿಡಿ. ಈ ಅಂಟು ಗಟ್ಟಿಯಾಗುವುದೇ ಗಾಳಿಯ ತೇವದಿಂದ, ಹಾಗಾಗಿ ಮಳೆಗಾಲದ ಹವೆ ಅದಕ್ಕೆ ಅಡ್ಡಿಯಲ್ಲ. ಹಚ್ಚುವ ಜಾಗ ಮಾತ್ರ ಒಣಗಿರಲೇಬೇಕು. ಪೆಟ್ರೋಲ್, ಥಿನ್ನರ್ ಹತ್ತಿರ ತರಬೇಡಿ. ನಾವು ಗ್ಲಾಸ್ ಅಂದರೂ ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್, ಬಿರುಕು ಬಿಡುತ್ತದೆ.

ಅಂಚಿನುದ್ದಕ್ಕೂ ಗುಳ್ಳೆ ಬಂದರೆ ಗ್ಲಾಸ್ ಬಿಚ್ಚಿ ಹೊಸ ಅಂಟು ಹಾಕಬೇಕು, ಅದನ್ನು ಮನೆಯಲ್ಲಿ ಮಾಡಬೇಡಿ. ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ವಿಚಾರಿಸಿ. ವಾರಂಟಿ ಇದ್ದರೆ ನೇರ ಶೋರೂಮಿಗೆ ಹೋಗಿ, ನಿಮ್ಮ ಫೋಟೋಗಳನ್ನು ತೋರಿಸಿ. ಯಾರಾದರೂ "ತಳದಲ್ಲಿ ಒಂದು ತೂತು ಹೊಡೆದರೆ ನೀರು ಇಳಿದು ಹೋಗುತ್ತೆ" ಅಂದರೆ ಒಪ್ಪಬೇಡಿ. ಆ ತೂತಿನಿಂದಲೇ ಕೆಸರು ಹತ್ತುತ್ತದೆ.

ಲೈಟ್ ಮತ್ತೆ ಕೂರಿಸಿದ ಮೇಲೆ ಕಾರನ್ನು ಅದೇ ಗೆರೆಯ ಮೇಲೆ ನಿಲ್ಲಿಸಿ. ಸ್ಟಿಯರಿಂಗ್ ಹತ್ತಿರ ಲೈಟಿನ ಎತ್ತರ ಹೊಂದಿಸುವ ಸಣ್ಣ ಚಕ್ರ ಇದ್ದರೆ ಸೊನ್ನೆಗೆ ಇಡಿ. ಡಿಮ್ ಹಾಕಿ ಗೋಡೆಯ ಟೇಪ್ ನೋಡಿ. ಬೆಳಕು ಅದಕ್ಕಿಂತ ಮೇಲೆ ಹೋಗಿದ್ದರೆ ಲೈಟಿನ ಹಿಂದಿನ ಸ್ಕ್ರೂ ಸ್ವಲ್ಪ ಸ್ವಲ್ಪವೇ ತಿರುಗಿಸಿ ಟೇಪಿಗೆ ಸರಿಯಾಗಿ ಇಳಿಸಿ. ಎರಡೂ ಕಡೆ ಒಂದೇ ಮಟ್ಟಕ್ಕೆ ಬಂದ ಮೇಲೆ ಗಾಡಿ ರಸ್ತೆಗೆ ಇಳಿಸಬಹುದು.