ವಿರೋಧಿಸುವವರ ನಡುವೆ ಸುವಾರ್ತೆ: ನನ್ನ ಅನುಭವ

ನಮ್ಮನ್ನು ವಿರೋಧಿಸುವವರಿಗೆ ಸುವಾರ್ತೆ, ಅಂದರೆ ಯೇಸುವಿನ ಶುಭಸಂದೇಶ, ಹೇಳುವಾಗ ಎಚ್ಚರಿಕೆಯೂ ಪ್ರೀತಿಯೂ ಒಟ್ಟಿಗೆ ನಡೆಯುವುದಿಲ್ಲ ಎಂದು ನಮ್ಮ ಚರ್ಚಿನ ಸಭೆಯಲ್ಲೇ ಹಲವರು ಹೇಳುತ್ತಿದ್ದರು. ಹೆದರಿದವನೇ ಎಚ್ಚರಿಕೆಯ ಮಾತಾಡುವುದು ಎಂದು ಒಬ್ಬ ಹಿರಿಯರು ಮುಖಕ್ಕೇ ಅಂದುಬಿಟ್ಟರು. ಇನ್ನು ಕೆಲವರು, ಬೈಯುವವರ ಹತ್ತಿರ ಹೋಗುವುದೇ ಬೇಡ, ಕೇಳುವವರು ಬೇಕಾದಷ್ಟು ಜನ ಇದ್ದಾರಲ್ಲ ಅನ್ನುತ್ತಿದ್ದರು. ನನಗೆ ಎರಡೂ ಹಿಡಿಸಲಿಲ್ಲ. ಕೈ ಕುದುರಲು ಆರೇಳು ವರ್ಷವಾದರೂ ಬೇಕಾಯಿತು. ಈಗ ಅದೇ ಹಿರಿಯರು ಹೊಸಬರನ್ನು ನನ್ನ ಜೊತೆಗೆ ಕಳಿಸುತ್ತಾರೆ.

ತೋಳಗಳ ನಡುವೆ ಕುರಿಗಳ ಹಾಗೆ ಕಳಿಸುತ್ತೇನೆ, ಸರ್ಪಗಳಂತೆ ಜಾಣರೂ ಪಾರಿವಾಳಗಳಂತೆ ನಿಷ್ಕಪಟಿಗಳೂ ಆಗಿರಿ ಎಂದು ಯೇಸು ಶಿಷ್ಯರಿಗೆ ಹೇಳಿದ ಬೈಬಲಿನ ಮತ್ತಾಯ 10:16 ನಿಮ್ಮಲ್ಲಿ ಹಲವರಿಗೆ ಬಾಯಿಪಾಠ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಮುಂದಿನ ವಚನದಲ್ಲೇ ಜನರ ವಿಷಯದಲ್ಲಿ ಎಚ್ಚರವಾಗಿರಿ ಅಂತಿದೆ. 23ರಲ್ಲಿ, ಒಂದು ಊರಲ್ಲಿ ಹಿಂಸೆ ಕೊಟ್ಟರೆ ಇನ್ನೊಂದಕ್ಕೆ ಓಡಿಹೋಗಿ ಅಂತಿದೆ. ಅಪೊಸ್ತಲ ಪೌಲನು, ಕೊಲ್ಲಲು ಹೊಂಚುಹಾಕಿದವರಿಂದ, ದಮಸ್ಕದ ಗೋಡೆಯಿಂದ ಬುಟ್ಟಿಯಲ್ಲಿ ಇಳಿದು ತಪ್ಪಿಸಿಕೊಂಡ. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿದಾಗ ತಾನು ರೋಮ್ ಪೌರ ಎಂದು ಗಟ್ಟಿಯಾಗಿಯೇ ಹೇಳಿದ. ತನಗೆ ಬಹಳ ಕೇಡು ಮಾಡಿದ ಕಂಚುಗಾರ ಅಲೆಕ್ಸಾಂದ್ರನ ವಿಷಯದಲ್ಲಂತೂ ಹೆಸರು ಹೇಳಿಯೇ ತನ್ನ ಜೊತೆಗಾರ ತಿಮೊಥೆಯನನ್ನು ಎಚ್ಚರಿಸಿದ. ಸೇಡನ್ನು ಮಾತ್ರ ಕರ್ತನಿಗೆ ಬಿಟ್ಟ. ಇದನ್ನೆಲ್ಲ ಅಪನಂಬಿಕೆ ಅನ್ನಲು ಆಗುತ್ತದೆಯೇ?

ನನ್ನ ಎಚ್ಚರಿಕೆಯೆಲ್ಲ ಜಾಗ, ಹೊತ್ತು, ಮಾತು, ದುಡ್ಡು ಈ ನಾಲ್ಕರ ಮೇಲೆ. ಇವು ನಾಲ್ಕೂ ಭದ್ರವಾಗಿದ್ದರೆ ಎದುರಿಗಿರುವವನನ್ನು ಅನುಮಾನದಿಂದ ನೋಡುವ ಅಗತ್ಯವೇ ಬೀಳುವುದಿಲ್ಲ. ಮನಸ್ಸು ಬಿಚ್ಚಿ ಅವನ ಮಾತು ಕೇಳಬಹುದು.

ಕೈಕೊಟ್ಟ ದಾರಿಗಳನ್ನು ಮೊದಲು ಹೇಳುತ್ತೇನೆ. ಗುಂಪಿನ ಎದುರು ವಾದ ಮಾಡುವುದು ಒಂದು. ನಾಲ್ಕು ಜನ ನೋಡುತ್ತಿರುವಾಗ ಯಾರೂ ಸೋಲಲು ಒಪ್ಪುವುದಿಲ್ಲ, ಉತ್ತರ ಎಷ್ಟೇ ಚೆನ್ನಾಗಿರಲಿ. ಬೈದರೂ ಸುಮ್ನೆ ನಗುತ್ತಾ ನಿಲ್ಲುವುದು ಇನ್ನೊಂದು. ನಮಗೆ ಅದು ತಾಳ್ಮೆ, ಅವರ ಕಣ್ಣಿಗೆ ಸೊಕ್ಕು. ಹತ್ತರಲ್ಲಿ ಏಳೆಂಟು ಸಲ ಸಿಟ್ಟು ಇನ್ನೂ ಜಾಸ್ತಿಯಾಯಿತು. ವಾಟ್ಸಾಪ್ ಗುಂಪು ಮೂರನೆಯದು. ಅರ್ಧ ಸಾಲು ಕತ್ತರಿಸಿ ಎಲ್ಲೆಲ್ಲಿಗೋ ಕಳಿಸಿದರು, ಗುಂಪನ್ನೇ ಮುಚ್ಚಬೇಕಾಯಿತು.

ಈಗ ಯಾವಾಗಲೂ ಇಬ್ಬರೇ ಹೋಗುತ್ತೇವೆ, ಹಗಲಲ್ಲಿ, ಹತ್ತು ಜನ ಓಡಾಡುವ ಕಡೆ. ಮಾತಾಡಬಹುದೇ ಎಂದು ಮೊದಲು ಕೇಳುತ್ತೇವೆ. ಒಮ್ಮೆ ಬೇಡ ಅಂದರೆ ಬೇಡ. ಎರಡನೇ ಸಲ ಕೇಳುವುದಿಲ್ಲ. ಬೇರೆ ಕಡೆ ಬನ್ನಿ, ಅಲ್ಲಿ ನಮ್ಮವರೆಲ್ಲ ಇರುತ್ತಾರೆ, ಮಾತಾಡೋಣ ಎಂದು ಕರೆದರೆ ಹೋಗುವುದಿಲ್ಲ. ಬೈಬಲಿನಲ್ಲಿ ಯೆರೂಸಲೇಮಿನ ಗೋಡೆ ಕಟ್ಟಿಸುತ್ತಿದ್ದ ನೆಹೆಮೀಯ, ಕೇಡು ಬಗೆದ ಸನ್ಬಲ್ಲಟನು ನಾಲ್ಕು ಸಲ ಹೇಳಿಕಳಿಸಿದರೂ ಓನೋ ಬಯಲಿಗೆ ಹೋಗಲಿಲ್ಲ ಅಲ್ವಾ? ಯಾರಾದರೂ ಮೊಬೈಲಲ್ಲಿ ರೆಕಾರ್ಡ್ ಮಾಡಿದರೆ ತಡೆಯುವುದಿಲ್ಲ. ಆಗ ಒಂದೊಂದು ವಾಕ್ಯವನ್ನೂ ಚಿಕ್ಕದಾಗಿ, ಎಲ್ಲಿ ಕತ್ತರಿಸಿದರೂ ಅರ್ಥ ಕೆಡದ ಹಾಗೆ ಹೇಳುತ್ತೇನೆ. ಅವರ ದೇವರ ಬಗ್ಗೆ ಒಂದು ಮಾತೂ ಬರುವುದಿಲ್ಲ. ನಮ್ಮ ಮೊದಲ ಮಾತು ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಎಲ್ಲರೂ ಅದನ್ನೇ ಗಿಣಿಪಾಠ ಒಪ್ಪಿಸುತ್ತಾರೆ. ಜೊತೆಗೆ ಬಂದವರು ನೋಡಿಯೇ ಕಲಿಯುತ್ತಾರೆ.

ದುಡ್ಡಿನ ಮಾತನ್ನು ಬಿಡಿಸಿಯೇ ಹೇಳಬೇಕು. ವಿರೋಧದ ಬೇರು ಬಹಳ ಸಲ ಅಲ್ಲೇ ಇರುತ್ತದೆ. ಒಬ್ಬರು ಕರಪತ್ರ ತೆಗೆದುಕೊಂಡು, ನನ್ನ ಮುಖ ನೋಡುತ್ತಲೇ ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ ಹರಿದು, ಚೂರುಗಳನ್ನು ನನ್ನ ಅಂಗಿ ಜೇಬಿಗೇ ತುರುಕಿದರು. "ಒಂದು ತಲೆಗೆ ಎಷ್ಟು ಕೊಡ್ತಾರೆ ನಿಮಗೆ?" ಅಂದರು. ಚೀಲದಿಂದ ನನ್ನ ಲೆಕ್ಕದ ಪುಸ್ತಕ ತೆಗೆದು ಕೈಗೆ ಕೊಟ್ಟೆ. "ನೀವೇ ನೋಡಿ ಸಾರ್. ಬಂದಿದ್ದು ನನ್ನ ಸಂಬಳ, ಹೋಗಿದ್ದು ಅಚ್ಚು ಹಾಕಿಸಿದ ಖರ್ಚು, ಬಸ್ ಚಾರ್ಜು." ಅವರು ನಾಲ್ಕೈದು ಪುಟ ತಿರುವಿದರು. "ಇಷ್ಟೊಂದು ಕಾಗದಕ್ಕೆ ಯಾಕ್ರೀ ಸುರೀತೀರಾ?" ಅಂದರು. ಆ ಮಾತು ನಿಜವೇ. ಆಗ ಸಂಬಳದ ಹತ್ತರಲ್ಲಿ ಒಂದು ಪಾಲು ಅಚ್ಚಿಗೇ ಹೋಗುತ್ತಿತ್ತು, ಮುಕ್ಕಾಲು ಪಾಲು ಓದದೇ ಕಸ ಸೇರುತ್ತಿತ್ತು. ಈಗ ಕೇಳಿದವರಿಗೆ ಮಾತ್ರ ಕೊಡುತ್ತೇನೆ. ಖರ್ಚು ಕಾಲು ಭಾಗಕ್ಕೆ ಇಳಿದಿದೆ. ಲೆಕ್ಕದ ಪುಸ್ತಕ ಮಾತ್ರ ಯಾವಾಗಲೂ ಚೀಲದಲ್ಲಿರುತ್ತದೆ. ಈ ಕೆಲಸಕ್ಕೆ ಯಾರಿಂದಲೂ ಕಾಣಿಕೆ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ನಿಯಮಕ್ಕೆ ನಮ್ಮವರೇ ಸಿಟ್ಟಾಗುತ್ತಾರೆ. ವಿರೋಧಿಸುವವನು ಕಷ್ಟದಲ್ಲಿದ್ದರೆ ಸಹಾಯ ಮಾಡುತ್ತೇವೆ, ಆದರೆ ಆ ಕಷ್ಟ ತೀರುವವರೆಗೆ ಸುವಾರ್ತೆಯ ಮಾತೆತ್ತುವುದಿಲ್ಲ. ಸಹಾಯವೂ ಬೇರೆಯವರ ಕೈಯಿಂದ ಹೋಗುತ್ತದೆ, ನನ್ನ ಹೆಸರು ಬರುವುದಿಲ್ಲ. ಒಳ್ಳೆಯ ಅವಕಾಶ ಕಳೆದುಕೊಂಡಿರಿ ಅನ್ನುತ್ತಾರೆ. ಕಷ್ಟದಲ್ಲಿದ್ದವನು ಋಣಕ್ಕೆ ತಲೆ ಆಡಿಸಿದರೆ ಅದು ನಂಬಿಕೆಯಲ್ಲ. ಇದರಲ್ಲಿ ನಾನು ಬಗ್ಗುವುದಿಲ್ಲ.

ನಡುವೆ ಒಂದು ಪ್ರಯೋಗವನ್ನೂ ಮಾಡಿ ನೋಡಿದೆ. ವಿರೋಧಿಸುವವರ ಹೆಸರುಗಳನ್ನು ಬರೆದಿಟ್ಟುಕೊಂಡು, ಅರ್ಧ ಜನರಿಗೆ ದಿನಾ ಹೆಸರು ಹಿಡಿದು ಪ್ರಾರ್ಥನೆ ಮಾಡಿದೆ, ಉಳಿದರ್ಧಕ್ಕೆ ಒಟ್ಟಾಗಿ. ಅವರಲ್ಲಿ ಏನು ಬದಲಾಯಿತು ಎಂದು ನಾನು ಅಳೆಯಲಾರೆ. ನನ್ನ ಜೊತೆಗಾರ ಮಾತ್ರ ಒಂದು ವಿಷಯ ಗಮನಿಸಿದ. ಹೆಸರು ಹಿಡಿದು ಪ್ರಾರ್ಥಿಸಿದವರ ಎದುರು ನನ್ನ ದನಿ ಏರುತ್ತಲೇ ಇರಲಿಲ್ಲವಂತೆ. ಎರಡು ತಿಂಗಳಿಗೇ ಆ ಪ್ರಯೋಗ ನಿಲ್ಲಿಸಿ, ಎಲ್ಲರ ಹೆಸರನ್ನೂ ದಿನದ ಪಟ್ಟಿಗೆ ಸೇರಿಸಿದೆ.

ಕರಪತ್ರ ಹರಿದವರು ಇನ್ನೂ ನಂಬಿಲ್ಲ. ನಂಬುವುದಿಲ್ಲ ಎಂದು ಪ್ರತಿ ಸಲ ಹೇಳಿಯೇ ಮಾತು ಶುರು ಮಾಡುತ್ತಾರೆ. ಆದರೆ ಬೇರೆಯವರು ನಮ್ಮ ಮೇಲೆ ಕೂಗಾಡಿದಾಗ, "ಅವರ ಪಾಡಿಗೆ ಅವರನ್ನು ಬಿಡ್ರೋ, ಲೆಕ್ಕ ನಾನು ನೋಡಿದ್ದೀನಿ" ಅಂದವರು ಅವರೇ. ಈಗ ಯೋಹಾನನ ಸುವಾರ್ತೆ ಓದುತ್ತಿದ್ದಾರೆ, ತಪ್ಪು ಹುಡುಕಲಿಕ್ಕೆ ಅಂತೆ. 12ನೇ ಅಧ್ಯಾಯಕ್ಕೆ ಬಂದು ನಿಂತಿದ್ದಾರೆ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ ಕಳ್ಳ ಎಂದು ಅಲ್ಲೇ ಬರೆದಿದೆಯಲ್ಲ, ಅಂಥವನ ಹತ್ತಿರ ಯೇಸು ದುಡ್ಡಿನ ಚೀಲ ಯಾಕೆ ಬಿಟ್ಟ ಎಂದು ಕೇಳಿದರು. 13ನೇ ಅಧ್ಯಾಯವನ್ನೂ ಓದಿಕೊಂಡು ಬನ್ನಿ, ಯೇಸು ಅದೇ ಯೂದನ ಕಾಲನ್ನೂ ತೊಳೆದದ್ದು ಅಲ್ಲಿದೆ, ಎರಡನ್ನೂ ಸೇರಿಸಿ ಮಾತಾಡೋಣ ಎಂದಿದ್ದೇನೆ. ಮುಂದಿನ ವಾರ ಕೂರುತ್ತೇವೆ.