ಶ್ವಾಸಕೋಶದ ಸಣ್ಣ ಕ್ಯಾನ್ಸರ್ ಗಡ್ಡೆಗೆ ಸೆಗ್ಮೆಂಟೆಕ್ಟಮಿ: ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ

ಬಲ ಶ್ವಾಸಕೋಶಕ್ಕೆ ಮೂರು ಲೋಬ್ (ದೊಡ್ಡ ಹಾಲೆ), ಎಡಕ್ಕೆ ಎರಡು. ಪ್ರತಿ ಲೋಬ್‌ನೊಳಗೆ ತನ್ನದೇ ಗಾಳಿನಾಳ, ರಕ್ತನಾಳ ಇರುವ ಸೆಗ್ಮೆಂಟ್‌ಗಳು. ಇಡೀ ಲೋಬ್ ತೆಗೆದರೆ ಲೋಬೆಕ್ಟಮಿ, ಸೆಗ್ಮೆಂಟ್ ಮಾತ್ರ ತೆಗೆದರೆ ಸೆಗ್ಮೆಂಟೆಕ್ಟಮಿ, ಗಡ್ಡೆಯನ್ನು ಸುತ್ತಲಿನ ಸ್ವಲ್ಪ ಭಾಗದೊಂದಿಗೆ ಬೆಣೆಯಂತೆ ಕತ್ತರಿಸಿದರೆ ವೆಡ್ಜ್. ಸಣ್ಣ ಆಪರೇಷನ್‌ನಲ್ಲಿ ರೋಗ ಅದೇ ಜಾಗಕ್ಕೆ ಮರಳುವುದು ಹೆಚ್ಚು ಎಂದು 1995ರ ಅಧ್ಯಯನ ತೋರಿಸಿದ ಮೇಲೆ ಬಹುಕಾಲ ಲೋಬೆಕ್ಟಮಿಯೇ ನಿಯಮವಾಗಿತ್ತು. 2022ರಲ್ಲಿ ಪ್ರಕಟವಾದ 1106 ರೋಗಿಗಳ ಜಪಾನಿ ಅಧ್ಯಯನ ಅದನ್ನು ಅಲುಗಾಡಿಸಿತು: ಐದು ವರ್ಷ ಬದುಕಿದವರು ಸೆಗ್ಮೆಂಟೆಕ್ಟಮಿಯಲ್ಲಿ 94.3%, ಲೋಬೆಕ್ಟಮಿಯಲ್ಲಿ 91.1%. ಆದರೆ ಅದೇ ಜಾಗದಲ್ಲಿ ಮರುಕಳಿಸಿದ್ದು ಸೆಗ್ಮೆಂಟೆಕ್ಟಮಿಯಲ್ಲಿ 10.5%, ಲೋಬೆಕ್ಟಮಿಯಲ್ಲಿ 5.4%. ಈ ಎರಡನೇ ಲೆಕ್ಕ ಮರೆಯಬಾರದು.

ಮೊದಲು ಅಳತೆ. ತೆಳು ಸ್ಲೈಸ್ ಸಿಟಿಯಲ್ಲಿ ಗಡ್ಡೆ 2 ಸೆಂ.ಮೀ. ಅಥವಾ ಕಡಿಮೆ ಇರಬೇಕು, ಶ್ವಾಸಕೋಶದ ಹೊರ ಮೂರನೇ ಭಾಗದಲ್ಲಿರಬೇಕು. ಒಟ್ಟು ಗಾತ್ರದ ಜೊತೆಗೆ ಗಟ್ಟಿ ಭಾಗವೆಷ್ಟು, ಮಂಜಿನಂತೆ ಕಾಣುವ ಭಾಗವೆಷ್ಟು ಎಂದೂ ಕೇಳಿ. ಹೆಚ್ಚುಪಾಲು ಮಂಜಾಗಿದ್ದರೆ ವೆಡ್ಜ್ ಕೂಡ ಸಾಲಬಹುದು. ನಡುಭಾಗದ ಗಡ್ಡೆಗೆ ಸಣ್ಣ ಆಪರೇಷನ್ ಹಟ ಬೇಡ, ಆಳದ ಕಡೆ ಗಡ್ಡೆಯಾಚೆ ಸಾಕಷ್ಟು ಆರೋಗ್ಯಕರ ಅಂಚು ಸಿಗುವುದಿಲ್ಲ. ಪೆಟ್ ಸಿಟಿಯಲ್ಲಿ (ಚುರುಕಾಗಿರುವ ಜಾಗಗಳನ್ನು ತೋರಿಸುವ ಸ್ಕ್ಯಾನ್) ದುಗ್ಧಗ್ರಂಥಿಗಳ (ಲಿಂಫ್ ನೋಡ್) ಮೇಲೆ ಅನುಮಾನ ಬಂದರೆ ಸೂಜಿಯಿಂದ ಮಾದರಿ ತೆಗೆದು ನೋಡಿಯೇ ಮುಂದುವರಿಯಬೇಕು. ಎಫ್‌ಇವಿ1, ಡಿಎಲ್‌ಸಿಒ ಎರಡೂ ಉಸಿರಾಟ ಪರೀಕ್ಷೆಗಳು ಬೇಕು: ಮೊದಲನೆಯದು ಒಂದು ಸೆಕೆಂಡಿನಲ್ಲಿ ಹೊರಬಿಡುವ ಗಾಳಿಯನ್ನು, ಎರಡನೆಯದು ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವ ಸಾಮರ್ಥ್ಯವನ್ನು ಅಳೆಯುತ್ತದೆ. ಸಿಗರೇಟು ಇಂದೇ ಬಿಡಿ.

ಆಪರೇಷನ್ ಥಿಯೇಟರಿನಲ್ಲಿ ಸೆಗ್ಮೆಂಟಿನ ಗಡಿ ಕಣ್ಣಿಗೆ ಕಾಣುವುದಿಲ್ಲ. ಅದರ ಅಪಧಮನಿಯನ್ನು ಕಟ್ಟಿದ ಮೇಲೆ ರಕ್ತನಾಳಕ್ಕೆ ಐಸಿಜಿ (ಇಂಡೊಸಯನಿನ್ ಗ್ರೀನ್) ಬಣ್ಣ ಕೊಡುತ್ತಾರೆ. ವಿಶೇಷ ಕ್ಯಾಮೆರಾದಲ್ಲಿ ಉಳಿದ ಶ್ವಾಸಕೋಶ ಹೊಳೆಯುತ್ತದೆ, ತೆಗೆಯಬೇಕಾದ್ದು ಕಪ್ಪಾಗಿ ಉಳಿಯುತ್ತದೆ. ಹೊಳಪು ಬೇಗ ಮಾಸುವುದರಿಂದ ಗೆರೆಯನ್ನು ಕೂಡಲೇ ಗುರುತಿಸಿ, ಆಮೇಲೆ ಸ್ಟೇಪ್ಲರ್ (ಕತ್ತರಿಸಿ ಪಿನ್ನುಗಳಿಂದ ಮುಚ್ಚುವ ಸಾಧನ) ಹಾಕಬೇಕು. ಗಡ್ಡೆಯಿಂದ ಕತ್ತರಿಸಿದ ಅಂಚಿಗೆ 2 ಸೆಂ.ಮೀ., ಇಲ್ಲವೇ ಗಡ್ಡೆಯ ಅಗಲದಷ್ಟಾದರೂ ಅಂತರ ಬೇಕು. ದುಗ್ಧಗ್ರಂಥಿಗಳನ್ನು ತೆಗೆದು, ಹೆಪ್ಪುಗಟ್ಟಿಸಿ ಕೂಡಲೇ ಸೂಕ್ಷ್ಮದರ್ಶಕದಲ್ಲಿ ನೋಡುವ ಫ್ರೋಜನ್ ಸೆಕ್ಷನ್‌ಗೆ ಕಳಿಸುತ್ತಾರೆ. ಅಲ್ಲಿ ಕ್ಯಾನ್ಸರ್ ಸಿಕ್ಕರೆ, ಅಥವಾ ಅಂಚು ಸಾಲದಿದ್ದರೆ, ಅದೇ ಅರಿವಳಿಕೆಯಲ್ಲಿ ಲೋಬೆಕ್ಟಮಿ ಮಾಡುವುದು ರೂಢಿ. ಒಪ್ಪಿಗೆ ಪತ್ರದಲ್ಲಿ ಈ ಸಾಧ್ಯತೆ ಬರೆದಿದೆಯೇ ನೋಡಿ, ಇಲ್ಲದಿದ್ದರೆ ಬರೆಸಿ.

ಎಡವುವುದು ಹೆಚ್ಚಾಗಿ ಎಲ್ಲಿ? ಗಾಳಿ ಸೋರಿಕೆಯಲ್ಲಿ. ಲೋಬ್ ಒಳಗೇ ಕತ್ತರಿಸುವುದರಿಂದ ಹಸಿ ಮೇಲ್ಮೈ ಉಳಿಯುತ್ತದೆ, ಎದೆಗೆ ಹಾಕಿದ ಟ್ಯೂಬಿನಲ್ಲಿ ಗುಳ್ಳೆ ಬರುವುದು ನಿಲ್ಲುವುದಿಲ್ಲ. ಐದು ದಿನ ಮೀರಿದರೆ ದೀರ್ಘ ಸೋರಿಕೆ ಎನ್ನುತ್ತಾರೆ. ಬಹುಪಾಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಇನ್ನೊಂದು ತೊಂದರೆ, ಮಂಜಿನಂಥ ಸಣ್ಣ ಗಡ್ಡೆ ಬೆರಳಿಗೆ ಸಿಗದಿರುವುದು. ಹಾಗಾಗಬಹುದೆನಿಸಿದರೆ ಮೊದಲೇ ಸಿಟಿ ನೆರವಿನಿಂದ ಗುರುತು ಹಾಕಿಸಬೇಕು.

ಉಳಿಯುವ ಉಸಿರಿನ ಲಾಭ ಹಲವರು ಅಂದುಕೊಂಡಷ್ಟು ದೊಡ್ಡದಲ್ಲ: ಅದೇ ಜಪಾನಿ ಅಧ್ಯಯನದಲ್ಲಿ ವರ್ಷದ ಬಳಿಕ ಎಫ್‌ಇವಿ1 ಇಳಿಕೆಯ ವ್ಯತ್ಯಾಸ 3.5% ಮಾತ್ರ. ಮುಂದೆ ಇನ್ನೊಂದು ಗಡ್ಡೆ ಬಂದರೆ ತೆಗೆಯಲು ಶ್ವಾಸಕೋಶ ಉಳಿದಿರುವುದೇ ನಿಜವಾದ ಗಳಿಕೆ.

ಪೆಥಾಲಜಿ ವರದಿಯಲ್ಲಿ ಅಂಚಿನ ಅಂತರ, ಗ್ರಂಥಿಗಳ ಸಂಖ್ಯೆ, ಗಾಳಿಗೂಡುಗಳಲ್ಲಿ ಹರಡಿದ ಕ್ಯಾನ್ಸರ್ ಕಣಗಳ ಉಲ್ಲೇಖ, ಈ ಮೂರನ್ನು ಹುಡುಕಿ. ಕೊನೆಯದು ಇದ್ದರೆ ಮರುಕಳಿಕೆಯ ಅಪಾಯ ಹೆಚ್ಚು. ಮುಂದೇನು ಎಂಬುದನ್ನು ಸರ್ಜನ್ ಮತ್ತು ಆಂಕಾಲಜಿಸ್ಟ್ ಇಬ್ಬರ ಜೊತೆಗೂ ಮಾತಾಡಿ. ಮೊದಲ ಎರಡು ಮೂರು ವರ್ಷ ಆರು ತಿಂಗಳಿಗೊಮ್ಮೆ ಸಿಟಿ, ಆಮೇಲೆ ವರ್ಷಕ್ಕೊಮ್ಮೆ. ಸಿಟಿ ಓದುವ ವೈದ್ಯರಿಗೆ ಸ್ಟೇಪಲ್ ಗೆರೆಯನ್ನೇ ಗಮನಿಸಲು ಹೇಳಿ: ಅಲ್ಲಿ ದಪ್ಪಗಾಗುವುದು ಬರೀ ಗಾಯದ ಕಲೆಯೂ ಆಗಿರಬಹುದು, ಮರಳಿದ ರೋಗವೂ ಆಗಿರಬಹುದು.